ಸಂಶೋಧನಾ ಕೇಂದ್ರದಲ್ಲಿ ಡಿಗ್ರಿ ಹುಡುಗಿಗೆ ಏನು ಕಲಿಸುತ್ತಾರೆ?

ಪ್ರಶ್ನೆ: ನಮ್ಮ ಊರು ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿಗೆ ಹತ್ತಿರ. ಮಗಳು ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದಾಳೆ, ಫಿಸಿಕ್ಸ್ ಅಂದರೆ ಪ್ರಾಣ. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಯಾವುದಾದರೂ ಸಂಶೋಧನಾ ಕೇಂದ್ರದಲ್ಲಿ ಎರಡು ತಿಂಗಳು ತರಬೇತಿ ಪಡೆಯುತ್ತೇನೆ ಅನ್ನುತ್ತಾಳೆ. ಅಲ್ಲಿ ಡಿಗ್ರಿ ಓದುವ ಮಕ್ಕಳಿಗೆ ಕಲಿಸುವುದಾದರೂ ಏನು? ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಇವರಿಂದ ಆಗಬೇಕಾದ್ದೇನು? ನಮ್ಮಂಥ ಹಳ್ಳಿಯವರ ಮಕ್ಕಳನ್ನು ಒಳಗೆ ಬಿಡುತ್ತಾರಾ, ಇಲ್ಲ ದುಡ್ಡು ಕಟ್ಟಿಸಿಕೊಂಡು ಒಂದು ಸರ್ಟಿಫಿಕೇಟು ಕೊಟ್ಟು ಸಾಗಹಾಕುತ್ತಾರಾ?
– ಓದುಗರೊಬ್ಬರು, ಕೆ.ಆರ್. ಪೇಟೆ ತಾಲ್ಲೂಕು

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಹೆತ್ತವರ ಮನಸ್ಸನ್ನು ಕೊರೆಯುವುದು ಅದೇ ತಾನೆ. ಒಳಗೆ ಬಿಡುತ್ತಾರೆ. ದುಡ್ಡೂ ಕೇಳುವುದಿಲ್ಲ. ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನಗಳ ಅಕಾಡೆಮಿ ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಅದಕ್ಕೆ ಆಯ್ಕೆಯಾದ ವಿದ್ಯಾರ್ಥಿಗೆ ತಿಂಗಳಿಗಿಷ್ಟು ಅಂತ ಹಣ ಕೊಡುತ್ತಾರೆ, ಹೋಗಿಬರುವ ರೈಲು ಖರ್ಚನ್ನೂ ನೋಡಿಕೊಳ್ಳುತ್ತಾರೆ. ಮೊದಲೇ ಇಷ್ಟು ಸಾವಿರ ಕಟ್ಟಿ, ಇಂಟರ್ನ್‌ಶಿಪ್ ಕೊಡಿಸುತ್ತೇವೆ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ.

ಇನ್ನು ಏನು ಕಲಿಸುತ್ತಾರೆ ಅನ್ನುವುದು. ಇದಕ್ಕೆ ಮುಂಚೆ ಎರಡು ಬೇರೆ ಬೇರೆ ಸಂಗತಿಗಳನ್ನು ಬಿಡಿಸಿಟ್ಟುಕೊಳ್ಳಬೇಕು. ಸಂಶೋಧನಾ ಕೇಂದ್ರಗಳು ಜನರಿಗೆ ಬಾಗಿಲು ತೆರೆಯುವುದು ಎರಡು ಬಗೆಯಲ್ಲಿ. ಒಂದು, ಬಂದು ನೋಡಿ, ಕೇಳಿ ಹೋಗಿ ಎನ್ನುವುದು. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ನಡೆಸುವ ಓಪನ್ ಡೇ ಇಂಥದ್ದು. ಆವತ್ತು ಲ್ಯಾಬುಗಳ ಮುಂದೆ ಶಾಲಾ ಮಕ್ಕಳ ಸಾಲೇ ಸಾಲು. ಸರ್ ಸಿ.ವಿ. ರಾಮನ್ 1948ರಲ್ಲಿ ತಮ್ಮ ಹೆಸರಿನ ಸಂಶೋಧನಾ ಸಂಸ್ಥೆ ಕಟ್ಟಿದ ಮೇಲೆ ಗಾಂಧಿ ಜಯಂತಿಯ ದಿನ ತಾವೇ ನಿಂತು ಸಾರ್ವಜನಿಕ ಉಪನ್ಯಾಸ ಕೊಡುವ ಪದ್ಧತಿ ಇಟ್ಟುಕೊಂಡರು. 1970ರ ಅಕ್ಟೋಬರ್ 2ರಂದು, ತೀರಿಕೊಳ್ಳುವುದಕ್ಕೆ ಎರಡು ತಿಂಗಳೂ ಇಲ್ಲದಾಗ, ಕೊನೆಯದನ್ನು ಕೊಟ್ಟರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂ ವಾರ ವಾರವೂ ವಿಜ್ಞಾನಿಗಳನ್ನು ಕರೆಸಿ ಊರಿನವರ ಮುಂದೆ ಮಾತಾಡಿಸಿತು. ಇವೆಲ್ಲ ಬೇಕು. ಇವುಗಳಿಂದ ಆಸೆ ಹುಟ್ಟುತ್ತದೆ.

ನಿಮ್ಮ ಮಗಳು ಕೇಳುತ್ತಿರುವುದು ಎರಡನೆಯ ಬಗೆ. ಹೇಮಗಿರಿ ದನಗಳ ಜಾತ್ರೆಗೆ ಹೋಗಿ ಜೋಡೆತ್ತು ನೋಡಿ ಬರುವುದೇ ಬೇರೆ, ಕೊಂಡು ತಂದು ನೊಗ ಹೂಡಿ ಉಳುವುದೇ ಬೇರೆ. ಎರಡು ತಿಂಗಳ ತರಬೇತಿಯಲ್ಲಿ ಅವಳ ಕೈಗೆ ಒಂದು ಸಣ್ಣ ಕೆಲಸ ಕೊಡುತ್ತಾರೆ. ಹೊರಗಿನವರಿಗೆ ಅದು ಬೇಸರದ ಕೆಲಸದಂತೆ ಕಾಣಬಹುದು: ಒಂದು ಸೆನ್ಸರ್ ಎಷ್ಟು ಬಿಸಿಗೆ ಎಷ್ಟು ತಪ್ಪು ತೋರಿಸುತ್ತದೆ ಎಂದು ಅಳೆಯುವುದು, ಇನ್ನೊಬ್ಬರು ಕೂಡಿಟ್ಟ ಸಾವಿರಾರು ಸಾಲು ಅಂಕಿಗಳಲ್ಲಿ ಕೆಟ್ಟವನ್ನು ಹೆಕ್ಕುವುದು, ಒಂದು ಸಣ್ಣ ಪ್ರೋಗ್ರಾಂ ಬರೆದು ಗ್ರಾಫ್ ಎಳೆಯುವುದು. ಆದರೆ ಆ ಕೆಲಸಕ್ಕೂ ಕಾಲೇಜಿನ ಪ್ರಾಕ್ಟಿಕಲ್ಸ್‌ಗೂ ನಡುವೆ ಒಂದು ದೊಡ್ಡ ವ್ಯತ್ಯಾಸ ಇದೆ. ನನ್ನ ಮಟ್ಟಿಗೆ ಇಡೀ ತರಬೇತಿಯ ಸಾರ ಅದೇ.

ಕಾಲೇಜಿನ ಲ್ಯಾಬಿನಲ್ಲಿ ಉತ್ತರ ಎಲ್ಲರಿಗೂ ಗೊತ್ತು. ಲೋಲಕ ಆಡಿಸಿದರೆ ಗುರುತ್ವ ವೇಗೋತ್ಕರ್ಷ 9.8 ಬರಬೇಕು. 9.1 ಬಂದರೆ ರೀಡಿಂಗ್ ತಿದ್ದಿ 9.8 ಮಾಡಿ ರೆಕಾರ್ಡ್ ಪುಸ್ತಕಕ್ಕೆ ಇಳಿಸುವುದು, ಸೀನಿಯರ್‌ಗಳ ರೆಕಾರ್ಡ್ ನೋಡಿ ಉತ್ತರದಿಂದ ಹಿಂದಕ್ಕೆ ಬರೆಯುವುದು, ನಮ್ಮ ಕಾಲೇಜುಗಳಲ್ಲಿ ಓದಿದ ಯಾರಿಗೆ ಗೊತ್ತಿಲ್ಲ? ಇಪ್ಪತ್ತು ಅಂಕದ ಆಸೆಗೆ ಮಕ್ಕಳು ಕಲಿಯುವುದು ಅಳತೆಯನ್ನಲ್ಲ, ಅಳತೆಯನ್ನು ಒಗ್ಗಿಸುವುದನ್ನು. ಸಂಶೋಧನಾ ಕೇಂದ್ರದಲ್ಲಿ ಉತ್ತರ ಯಾರಿಗೂ ಗೊತ್ತಿಲ್ಲ. ಗೈಡ್‌ಗೂ ಗೊತ್ತಿಲ್ಲ. ಕಂಡದ್ದನ್ನು ಕಂಡ ಹಾಗೇ ಬರೆದು, ಇದರಲ್ಲಿ ಎಷ್ಟು ತಪ್ಪಿರಬಹುದು ಎಂದು ತಾನೇ ಲೆಕ್ಕ ಹಾಕಿ, ಆ ಅಂಕಿಯ ಪಕ್ಕ ನಿಲ್ಲುವುದನ್ನು ಅಲ್ಲಿ ಕಲಿಯಬೇಕು.

ಹಾಗೆ ನಿಂತದ್ದರಿಂದ ಏನಾಯಿತು ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಕಥೆ ಇದೆ. ಬಿ.ವಿ. ಶ್ರೀಕಂಠನ್ ಹುಟ್ಟಿದ್ದು 1925ರಲ್ಲಿ, ನಂಜನಗೂಡಿನಲ್ಲಿ. ಇನಿಷಿಯಲ್ಲಿನ ‘ಬಿ’ ಬದನವಾಳು. ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡಿ 1948ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದರು. ಅಲ್ಲಿ ಹೋಮಿ ಭಾಭಾ ಈ ಎಳೆಯ ವಿದ್ಯಾರ್ಥಿಗೆ ಒಪ್ಪಿಸಿದ ಕೆಲಸ ಎಣಿಕೆಯದು. ಬಾಹ್ಯಾಕಾಶದ ವಿಶ್ವಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ಮ್ಯೂಯಾನ್ ಎಂಬ ಕಣಗಳು ಹುಟ್ಟಿ ನೆಲದೊಳಕ್ಕೂ ನುಗ್ಗುತ್ತವೆ. ಎಷ್ಟು ಆಳದಲ್ಲಿ ಎಷ್ಟು ಉಳಿದಿರುತ್ತವೆ? ಅದನ್ನು ಎಣಿಸಲು ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಜಾಗ ಲೋಕದಲ್ಲೇ ಅಪರೂಪ. 1950ರ ದಶಕದ ಆರಂಭದಲ್ಲಿ ಶ್ರೀಕಂಠನ್ ಉಪಕರಣ ಹೊತ್ತು ಗಣಿಗೆ ಇಳಿದರು. ಅವರ ಪಿಎಚ್‌ಡಿ ಅಲ್ಲಿಂದಲೇ ಬಂತು. ಮುಂದೆ 1975ರಿಂದ 1987ರವರೆಗೆ ಅದೇ ಟಾಟಾ ಸಂಸ್ಥೆಯ ನಿರ್ದೇಶಕರಾದರು.

ಆ ಗಣಿಗೂ ನಿಮ್ಮ ಜಿಲ್ಲೆಗೂ ಹಳೆಯ ಸಂಬಂಧ. ಹೇಮಗಿರಿ ಕಟ್ಟೆ ದಾಟಿದ ಹೇಮಾವತಿ ಕಾವೇರಿಗೆ ಸೇರಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಧುಮುಕುತ್ತದಲ್ಲ, 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಗಣಿಗೇ.

ಶ್ರೀಕಂಠನ್ ಶುರು ಮಾಡಿದ ಎಣಿಕೆಯನ್ನು ಬೇರೆಯವರು ಇನ್ನೂ ಆಳಕ್ಕೆ ಒಯ್ದರು. ಕೆಳಗೆ ಇಳಿದಂತೆಲ್ಲ ಮ್ಯೂಯಾನ್‌ಗಳು ಕಡಿಮೆಯಾಗುತ್ತ ಬಂದವು. 1960ರ ಆಸುಪಾಸಿನಲ್ಲಿ ಅತ್ಯಂತ ಆಳದ ಹಂತದಲ್ಲಿ ಉಪಕರಣ ಇಟ್ಟು ಸುಮಾರು ಎರಡು ತಿಂಗಳು ಕಾದರು. ಬಂದ ಕಣಗಳ ಸಂಖ್ಯೆ ಸೊನ್ನೆ. ಪರೀಕ್ಷೆಯ ಅಂಕಕ್ಕೆ ಹೆದರುವವನು ಈ ಸೊನ್ನೆಯನ್ನು ಬರೆಯಲಾರ. ಉಪಕರಣ ಕೆಟ್ಟಿದೆ ಅಂತಲೋ, ಒಂದೆರಡು ಬಂದಿರಬಹುದು ಅಂತಲೋ ಜಾರಿಕೊಳ್ಳುತ್ತಾನೆ. ಅವರು ಸೊನ್ನೆಯನ್ನು ಸೊನ್ನೆ ಎಂದೇ ಪ್ರಕಟಿಸಿದರು. ಆ ಸೊನ್ನೆಯ ಬೆಲೆ ಆಮೇಲೆ ತಿಳಿಯಿತು. ಮೇಲಿನಿಂದ ಬರುವ ಮ್ಯೂಯಾನ್‌ಗಳ ಗದ್ದಲವೇ ಇಲ್ಲದ ಜಾಗ ಅಂದರೆ, ಬಂಡೆಯನ್ನು ಲೆಕ್ಕಿಸದೆ ಭೂಮಿಯನ್ನೇ ಹಾದುಹೋಗುವ ನ್ಯೂಟ್ರಿನೊ ಕಣವನ್ನು ಹಿಡಿಯಲು ತಕ್ಕ ಜಾಗ. ನ್ಯೂಟ್ರಿನೊ ತೀರ ಅಪರೂಪಕ್ಕೆ ಬಂಡೆಯೊಳಗೆ ಡಿಕ್ಕಿ ಹೊಡೆದು ಮ್ಯೂಯಾನ್ ಹುಟ್ಟಿಸುತ್ತದೆ. ಆಕಾಶದ ಮ್ಯೂಯಾನ್ ಅಷ್ಟು ಆಳಕ್ಕೆ ಬಂದರೂ ನೇರ ಮೇಲಿನಿಂದಲೇ ಬರಬೇಕು. ಪಕ್ಕದಿಂದ ಅಡ್ಡಡ್ಡ ಬಂದದ್ದು ನ್ಯೂಟ್ರಿನೊದ ಕೂಸು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿ.ಮೀ. ಕೆಳಗೆ, ಟಾಟಾ ಸಂಸ್ಥೆ, ಜಪಾನಿನ ಒಸಾಕ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದ ತಂಡ ಇಂಥ ಅಡ್ಡ ಬಂದ ಕಣಗಳನ್ನು ಗುರುತಿಸಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಮನುಷ್ಯ ಕಂಡುಕೊಂಡದ್ದು ಆಗಲೇ. ಅದೇ ಹೊತ್ತಿನಲ್ಲಿ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಹಿಡಿಯಿತು; ಕೋಲಾರದ ಪ್ರಬಂಧ ಕೆಲವು ದಿನ ಮುಂಚೆ ಅಚ್ಚಾಯಿತು.

ನಿಮ್ಮ ಮಗಳು ಈ ಗುಣವನ್ನು ಊರಿನಲ್ಲೇ ಅಭ್ಯಾಸ ಮಾಡಬಹುದು. ಒಂದು ಅಳತೆ ಹೇಳುತ್ತೇನೆ. ನಿಮ್ಮ ಕಡೆ ವರ್ಷಕ್ಕೆ ಎರಡು ದಿನ, ಏಪ್ರಿಲ್ 23ರ ಆಸುಪಾಸು ಮತ್ತು ಆಗಸ್ಟ್ 19ರ ಆಸುಪಾಸು, ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೆ ನೇರ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ತಾರಾಲಯದವರು ಶಾಲೆಗಳಲ್ಲಿ ಮಾಡಿಸುವುದು ಇದನ್ನೇ. ಏಪ್ರಿಲ್‌ನ ಆ ದಿನ ಸುಮಾರು 12 ಗಂಟೆ 22 ನಿಮಿಷಕ್ಕೆ ನಿಮ್ಮ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳು ಇರುವುದಿಲ್ಲ. ಅದೇ ಹೊತ್ತಿಗೆ ಕಲಬುರಗಿಯಲ್ಲಿ ಒಬ್ಬ ಗೆಳತಿ 1 ಮೀಟರ್ ಕೋಲು ನಿಲ್ಲಿಸಿಕೊಂಡಿರಲಿ. ಕಲಬುರಗಿ ನಿಮ್ಮ ತಾಲ್ಲೂಕಿಗೆ ಹೆಚ್ಚು ಕಡಿಮೆ ನೇರ ಉತ್ತರಕ್ಕಿದೆ, ಅಕ್ಷಾಂಶದಲ್ಲಿ ಸುಮಾರು 4.7 ಡಿಗ್ರಿ ಮೇಲೆ. ಅವಳ ಕೋಲಿನ ನೆರಳು 8.2 ಸೆಂ.ಮೀ. ಹತ್ತಿರ ಬರಬೇಕು. ಆ ನೆರಳಿನಿಂದ ಕೋನ ತೆಗೆದರೆ 4.7 ಡಿಗ್ರಿ. ಎರಡು ಊರುಗಳ ಉತ್ತರ-ದಕ್ಷಿಣ ದೂರ ಸುಮಾರು 520 ಕಿ.ಮೀ. 4.7 ಡಿಗ್ರಿಗೆ 520 ಆದರೆ 360 ಡಿಗ್ರಿಗೆ ಎಷ್ಟು? ಸುಮಾರು 39,800 ಕಿ.ಮೀ. ಇಡೀ ಭೂಮಿಯ ಸುತ್ತಳತೆ ಎರಡು ಕೋಲಿನಲ್ಲಿ ಸಿಕ್ಕಿತು.

ಇಲ್ಲಿಯವರೆಗೆ ಪುಸ್ತಕದಲ್ಲಿ ಇದೆ. ತರಬೇತಿ ಶುರುವಾಗುವುದು ಇನ್ನು ಮೇಲೆ. ಗೆಳತಿ ನೆಲಕ್ಕೆ ಬಾಗಿ ನೋಡಿದರೆ ನೆರಳಿನ ತುದಿ ಎಲ್ಲಿ ಮುಗಿಯಿತು ಅಂತಲೇ ತಿಳಿಯುವುದಿಲ್ಲ, ಅಂಚು ಮಸುಕು. ಸೂರ್ಯ ಒಂದು ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ 1 ಮೀಟರ್ ಕೋಲಿನ ನೆರಳಿನ ತುದಿ ಸುಮಾರು 9 ಮಿ.ಮೀ. ಅಗಲಕ್ಕೆ ಕಪ್ಪಿನಿಂದ ಬೂದಿಯಾಗಿ ಬಿಳುಪಾಗುತ್ತದೆ. ಅದರ ನಡುವನ್ನು ಹಿಡಿದೆ ಎಂದುಕೊಂಡು 4 ಮಿ.ಮೀ. ಆಚೀಚೆ ಓದಿದರೂ ಭೂಮಿಯ ಸುತ್ತಳತೆ ಸುಮಾರು 2,000 ಕಿ.ಮೀ. ಆಚೀಚೆ ಆಗುತ್ತದೆ. ಕೋಲು ಒಂದೇ ಒಂದು ಡಿಗ್ರಿ ವಾಲಿದ್ದರಂತೂ ತುದಿ 17 ಮಿ.ಮೀ. ಸರಿದಿರುತ್ತದೆ, ಗಾರೆ ಕೆಲಸದವರ ತೂಗುಗುಂಡು ಬಿಡದೆ ಕಣ್ಣಳತೆಯಲ್ಲಿ ನಿಲ್ಲಿಸಿದರೆ ಲೆಕ್ಕವೇ ಕೆಡುತ್ತದೆ. 40,000 ಎಂದು ಪುಸ್ತಕ ನೋಡಿ ಬರೆದವಳು ಏನೂ ಕಲಿತಿಲ್ಲ. 38,000, ಇದರಲ್ಲಿ 2,000 ಆಚೀಚೆ ಇರಬಹುದು, ಯಾಕೆಂದರೆ ಇಂತಿಂಥ ಕಾರಣ ಎಂದು ಬರೆದವಳಿಗೆ ಸಂಶೋಧನಾ ಕೇಂದ್ರದಲ್ಲಿ ಕೆಲಸವಿದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ: ಅವರಿಗೆ ಇವರಿಂದ ಏನಾಗಬೇಕು? ಕೈ ಬೇಕು. ಗೌರಿಬಿದನೂರಿನ ಹತ್ತಿರ ಹೊಲಗಳ ನಡುವೆ 1970ರ ದಶಕದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಒಂದು ರೇಡಿಯೊ ದೂರದರ್ಶಕ ಕಟ್ಟಿದವು. ಅದರಲ್ಲಿ ಗಾಜೂ ಇಲ್ಲ, ಗುಮ್ಮಟವೂ ಇಲ್ಲ. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಕಂಬ ನೆಟ್ಟು ತಂತಿ ಕಟ್ಟಿದ 1,000 ಆಂಟೆನಾಗಳು. ಪೂರ್ವ-ಪಶ್ಚಿಮದ ತೋಳೇ ಸುಮಾರು 1.4 ಕಿ.ಮೀ. ಉದ್ದ. 34.5 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಸುಮಾರು 8.7 ಮೀಟರ್ ಉದ್ದದ ಅಲೆಗಳಲ್ಲಿ, ಅದು ಆಕಾಶವನ್ನು ಕೇಳಿತು. ಸೂರ್ಯನ ಹೊರ ವಾತಾವರಣವನ್ನು ನೋಡುವ ರೇಡಿಯೊ ಉಪಕರಣ 1997ರಿಂದ ಅಲ್ಲೇ ನಡೆಯುತ್ತಿದೆ. ಆಮೇಲೆ ರಾಮನ್ ಸಂಸ್ಥೆ ಅದೇ ಜಾಗದಲ್ಲಿ ‘ಸ್ವಾನ್’ ಎಂಬ ಹೊಸ ಆಂಟೆನಾ ಜಾಲವನ್ನು ಕೈಗೆತ್ತಿಕೊಂಡಿತು. ಅದರ ಉದ್ದೇಶದಲ್ಲೇ ವಿದ್ಯಾರ್ಥಿಗಳಿದ್ದಾರೆ: ಕಟ್ಟುವುದು, ನಡೆಸುವುದು, ಅಂಕಿ ಜಾಲಾಡುವುದು ಎಲ್ಲದರಲ್ಲೂ ಕಾಲೇಜು ಹುಡುಗ ಹುಡುಗಿಯರ ಪಾಲು ಇರಬೇಕೆಂದು.

ಅಂಥ ಕಡೆ ಹಳ್ಳಿಯ ಹುಡುಗಿಗೆ ಒಂದು ಅನುಕೂಲವೂ ಉಂಟು. ರೇಡಿಯೊ ಖಗೋಳದವರ ದೊಡ್ಡ ತಲೆನೋವು ಭೂಮಿಯ ಮೇಲಿನ ಗದ್ದಲ. ಸ್ವಿಚ್ಚಿನ ಕಿಡಿ, ಮೋಟರಿನ ಕಿಡಿ, ತಂತಿಯ ಸಡಿಲ ಜೋಡಣೆ ಎಲ್ಲವೂ ರೇಡಿಯೊ ಅಲೆ ಚೆಲ್ಲುತ್ತವೆ. ಗ್ರಾಫಿನಲ್ಲಿ ದಿನಾ ಒಂದೇ ಹೊತ್ತಿಗೆ ಗದ್ದಲ ಎದ್ದರೆ ನಗರದ ಹುಡುಗ ಅದನ್ನು ಯಾವ ನಕ್ಷತ್ರಕ್ಕೆ ಕಟ್ಟಲಿ ಎಂದು ಯೋಚಿಸಬಹುದು. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುವ ಹೊತ್ತನ್ನು ಕಾದು ಬೆಳೆದ ಹುಡುಗಿಗೆ ಮೊದಲು ಹೊಳೆಯುವುದು ಪಕ್ಕದ ತೋಟದ ಸ್ಟಾರ್ಟರ್.

ಕೈಗೆ ಅಭ್ಯಾಸ ಇಲ್ಲದವರು ಬಂದರೆ ಕೇಂದ್ರಗಳಿಗೇ ನಷ್ಟ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಅಧ್ಯಾಪಕರೂ ಬಂದು ಪ್ರಯೋಗ ಮಾಡಲೆಂದೇ ಇರುವ ಸಂಸ್ಥೆ. ಅದೇ ಕೇಂದ್ರ 2000ದ ದಶಕದಲ್ಲಿ ಫೀನಿಕ್ಸ್ ಎಂಬ ಯೋಜನೆ ಶುರು ಮಾಡಿ, ಕಂಪ್ಯೂಟರಿಗೆ ಸಿಕ್ಕಿಸಿ ವೋಲ್ಟೇಜ್, ಕಾಲ, ಶಬ್ದ ಅಳೆಯುವ ಅಗ್ಗದ ಉಪಕರಣಗಳನ್ನು ಕಾಲೇಜುಗಳಿಗಾಗಿ ರೂಪಿಸಿತು. ಇವತ್ತು ಎಕ್ಸ್‌ಪೈಸ್ ಎಂಬ ಹೆಸರಿನಲ್ಲಿ ಸಿಗುವುದು ಅದೇ ಸಾಲಿನದು. ಕೋಟಿಗಟ್ಟಲೆಯ ಯಂತ್ರ ನಡೆಸುವವರು ಅಂಗೈ ಅಗಲದ ಪೆಟ್ಟಿಗೆ ಯಾಕೆ ಮಾಡಿದರು ಅಂದರೆ, ನಾಳೆ ಆ ಯಂತ್ರದ ಮುಂದೆ ಕೂರುವವರು ಇವತ್ತಿನ ಡಿಗ್ರಿ ಕಾಲೇಜಿನಲ್ಲಿದ್ದಾರೆ. ನಮ್ಮಲ್ಲೂ ಮಂಗಳಗಂಗೋತ್ರಿಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮೈಕ್ರೋಟ್ರಾನ್ ಎಂಬ ಎಲೆಕ್ಟ್ರಾನ್ ವೇಗವರ್ಧಕ ಬಂದದ್ದು ಇದೇ ಲೆಕ್ಕದಲ್ಲಿ. ಇಂದೋರಿನ ಕೇಂದ್ರದವರು ಕಟ್ಟಿಕೊಟ್ಟ ಆ ಯಂತ್ರ ಎಲೆಕ್ಟ್ರಾನ್‌ಗಳನ್ನು 8 ಎಂಇವಿ ಶಕ್ತಿಗೆ ಏರಿಸುತ್ತದೆ. ರಾಜ್ಯದ ಎಂಎಸ್ಸಿ, ಪಿಎಚ್‌ಡಿ ವಿದ್ಯಾರ್ಥಿಗಳು ತಮ್ಮ ಮಾದರಿಗಳನ್ನು ಎಲೆಕ್ಟ್ರಾನ್‌ಗೆ ಒಡ್ಡಲು ಮುಂಬೈಗೋ ಇಂದೋರಿಗೋ ಅಲೆಯುವುದು ತಪ್ಪಿತು.

ಇನ್ನು ದಾರಿ. ಮೇಲೆ ಹೇಳಿದ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಅರ್ಜಿ ಕರೆಯುತ್ತಾರೆ. ಬೇಸಿಗೆಗೆ ಬೇಕೆಂದು ಮಾರ್ಚಿನಲ್ಲಿ ಎದ್ದರೆ ಬಸ್ಸು ಹೋಗಿಯಾಗಿರುತ್ತದೆ; ದಸರೆ ಮುಗಿದ ಕೂಡಲೇ ನೋಡಲು ಹೇಳಿ. ಅರ್ಜಿಯಲ್ಲಿ ಅಂಕಪಟ್ಟಿ ಇರುತ್ತದೆ, ಪಾಠ ಹೇಳಿದ ಅಧ್ಯಾಪಕರ ಶಿಫಾರಸು ಪತ್ರ ಇರುತ್ತದೆ, ಯಾಕೆ ಬರಬೇಕೆಂದಿದ್ದೀರಿ ಎಂದು ವಿದ್ಯಾರ್ಥಿ ತಾನೇ ಬರೆಯುವ ಒಂದು ಸಣ್ಣ ಬರಹ ಇರುತ್ತದೆ. ಅರ್ಜಿ ಗೆಲ್ಲುವುದೂ ಸೋಲುವುದೂ ಈ ಬರಹದಲ್ಲಿ. ‘ಬಾಲ್ಯದಿಂದಲೂ ವಿಜ್ಞಾನದಲ್ಲಿ ಆಸಕ್ತಿ’ ಎಂದು ನೂರು ಜನ ಬರೆಯುತ್ತಾರೆ. ಕೋಲು ನೆಟ್ಟು ನೆರಳು ಅಳೆದೆ, ಇಷ್ಟು ಬಂತು, ಇಷ್ಟು ತಪ್ಪಿತು, ತಪ್ಪಿದ್ದು ಇಲ್ಲಿ ಎಂದು ನಾಲ್ಕು ಸಾಲು ಬರೆದವರು ಅಪರೂಪ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ ಡಿಗ್ರಿ ವಿದ್ಯಾರ್ಥಿಗಳಿಗೆ ವಾರಾಂತ್ಯದಲ್ಲಿ ನಡೆಸುವ ‘ರೀಪ್’ ಎಂಬ ಭೌತಶಾಸ್ತ್ರದ ತರಗತಿ ಇದೆ. ಆದರೆ ಬೆಂಗಳೂರಿನಲ್ಲಿ ಇದ್ದುಕೊಂಡು ಓದುವವರಿಗೇ ಅದು ಕೈಗೆಟುಕುವುದು. ರಾಮನ್ ಸಂಸ್ಥೆಯಲ್ಲೂ ಖಭೌತ ಸಂಸ್ಥೆಯಲ್ಲೂ ವಿದ್ಯಾರ್ಥಿಗಳನ್ನು ಕೆಲವು ತಿಂಗಳ ಮಟ್ಟಿಗೆ ತೆಗೆದುಕೊಳ್ಳುವ ವ್ಯವಸ್ಥೆ ಇದೆ. ಯಾವ ವಿಜ್ಞಾನಿ ಏನು ಕೆಲಸ ಮಾಡುತ್ತಿದ್ದಾರೆ ಎಂದು ಓದಿಕೊಂಡು ಅವರಿಗೇ ಪತ್ರ ಬರೆಯಬೇಕು. ಹತ್ತರಲ್ಲಿ ಎಂಟಕ್ಕೆ ಉತ್ತರ ಬರದಿದ್ದರೆ ಬೇಜಾರು ಬೇಡ, ಅದು ಎಲ್ಲರಿಗೂ ಆಗುವುದೇ.

ಇಂಗ್ಲಿಷಿನ ಭಯ ಇರಬಹುದು. ಪ್ರಬಂಧ, ಭಾಷಣ, ಇ-ಮೇಲ್ ಎಲ್ಲ ಇಂಗ್ಲಿಷೇ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಬೇಕಾಗುವುದು ಭಾಷಣದ ಇಂಗ್ಲಿಷಲ್ಲ. ಏನು ಮಾಡಿದೆ, ಏನು ಕಂಡಿತು ಎಂದು ಸಣ್ಣ ವಾಕ್ಯದಲ್ಲಿ ಹೇಳುವ ಇಂಗ್ಲಿಷ್. ಅದು ಎರಡು ತಿಂಗಳಲ್ಲಿ ಅಲ್ಲೇ ಬರುತ್ತದೆ. ಮೇಲೆ ಹೆಸರಿಸಿದ ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ. ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಬಂದವರು. ಆಮೇಲೆ ಅಮೆರಿಕದ ಒಹಾಯೊದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ ವಾಪಸು ಬಂದು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರಿಗೂ ದಾರಿ ಇದೆ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಸಮಸ್ಯೆಯ ಮೇಲೆ ಅಧ್ಯಯನ ಮಾಡಿ ಕನ್ನಡದಲ್ಲೇ ಮಂಡಿಸಬಹುದು. ನಮ್ಮಲ್ಲಿ ಅದನ್ನು ನಡೆಸಿಕೊಂಡು ಬಂದಿರುವುದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಹೇಮಗಿರಿ ನಾಲೆಯ ತಲೆಯ ಊರಿಗೂ ಕೊನೆಯ ಊರಿಗೂ ನೀರಿನಲ್ಲಿ ಏನು ವ್ಯತ್ಯಾಸ ಎಂದು ಅಳೆಯುವುದಕ್ಕಿಂತ ಒಳ್ಳೆಯ ವಿಷಯ ಬೇಕೆ? ಊರಿನ ವಿಜ್ಞಾನದ ಮೇಷ್ಟ್ರಿಗೂ ಒಂದು ಮಾತು ಹೇಳಿ: ಭಾರತೀಯ ವಿಜ್ಞಾನ ಸಂಸ್ಥೆ ಚಳ್ಳಕೆರೆ ಹತ್ತಿರದ ಕುದಾಪುರದ ಆವರಣದಲ್ಲಿ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ಕೊಡುತ್ತದೆ. ಒಬ್ಬ ವಿದ್ಯಾರ್ಥಿ ಕಲಿತು ಬಂದರೆ ಒಂದು ಮನೆಗೆ ಬೆಳಕು, ಒಬ್ಬ ಮೇಷ್ಟ್ರು ಕಲಿತು ಬಂದರೆ ನಿವೃತ್ತಿಯವರೆಗೆ ವರ್ಷಕ್ಕೊಂದು ತರಗತಿಗೆ.

ಕೊನೆಯದಾಗಿ ನಿಮಗೇ ಒಂದು ಮಾತು. ಮಗಳು ಹೋಗಿ ಬಂದ ಮೇಲೆ ‘ಏನು ಕಂಡುಹಿಡಿದೆ?’ ಎಂದು ಕೇಳಬೇಡಿ. ಎರಡು ತಿಂಗಳಲ್ಲಿ ಯಾರೂ ಏನೂ ಕಂಡುಹಿಡಿಯುವುದಿಲ್ಲ. ‘ಏನು ಅಳೆದೆ, ಎಷ್ಟು ತಪ್ಪಿರಬಹುದು?’ ಎಂದು ಕೇಳಿ. ಅದಕ್ಕೆ ತಡವರಿಸದೆ ಉತ್ತರ ಹೇಳಿದಳೆಂದರೆ ತರಬೇತಿ ಸಾರ್ಥಕ. ಅರ್ಜಿ ಹಾಕಲು ಹೇಳಿ. ಈ ವರ್ಷ ಸಿಗದಿದ್ದರೆ ಬರುವ ವರ್ಷ ಮತ್ತೆ ಹಾಕಲಿ.